ಮೂತಿಹುಳದ ಹೊಟ್ಟೆಯಲ್ಲಿ ಯಾವ ಊರು?

“ಅಕ್ಕ, ನಿಮ್ಮ ಫ್ರಿಜ್ಜಿನ ಒಳಗೆ ಒಮ್ಮೆ ನೋಡ್ಬಹುದಾ?”

ಶುಕ್ರವಾರ ಬೆಳಗ್ಗೆ ಬಾಗಿಲು ತಟ್ಟಿ ಯಾರಾದರೂ ಹೀಗೆ ಕೇಳಿದರೆ ನೀವೇನು ಮಾಡುತ್ತೀರಿ? ಸಕ್ಕರೆ ಕೇಳಲು ಬಂದ ನೆರೆಯವರನ್ನು ನೋಡಿದ್ದೇನೆ. ಗ್ಯಾಸ್ ಖಾಲಿಯಾಯಿತು ಅಂತ ಹಾಲಿನ ಪಾತ್ರೆ ಹಿಡಿದುಕೊಂಡು ಬಂದವರನ್ನೂ ನೋಡಿದ್ದೇನೆ. ಆದರೆ ಕೈಗೆ ನೀಲಿ ಗ್ಲೌಸ್ ಹಾಕಿಕೊಂಡು, ತುದಿಗೆ ಹತ್ತಿ ಸುತ್ತಿದ ಉದ್ದ ಕಡ್ಡಿಗಳ ಪ್ಯಾಕೆಟ್ ಹಿಡಿದುಕೊಂಡು ನಮ್ಮ ಫ್ರಿಜ್ಜಿನ ತಪಾಸಣೆಗೆ ಬಂದವಳು ಪ್ರೆಸಿಲ್ಲಾ ಒಬ್ಬಳೇ.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ನೆನಪಾದದ್ದು ವಿಜ್ಞಾನವಲ್ಲ. ಕೆಳಗಿನ ಶೆಲ್ಫಿನ ಹಿಂಬದಿಯಲ್ಲಿ ಭಾನುವಾರದಿಂದ ಕೂತಿದ್ದ ಬಂಗುಡೆ ಸಾರಿನ ಡಬ್ಬಿ. (ನಿಮ್ಮ ಫ್ರಿಜ್ಜಿನಲ್ಲೂ ಅಂಥದ್ದೊಂದು ಇರುತ್ತದೆ. ಇಲ್ಲ ಅಂದರೆ ನಾನು ನಂಬುವುದಿಲ್ಲ.)

ಪ್ರೆಸಿಲ್ಲಾ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಾವು ಕತಾರಿನ ಅಲ್ ರಯ್ಯಾನಿನಲ್ಲಿ ವಿಲ್ಲಾದಲ್ಲಿದ್ದೇವೆ ಅಂತ ಊರಿನ ನೆಂಟರಿಗೆಲ್ಲ ಗೊತ್ತು. ಆ ವಿಲ್ಲಾವನ್ನು ಗೋಡೆ ಕಟ್ಟಿ ತುಂಡು ಮಾಡಿ ಮೂರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ ಎಂಬುದು ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನಮ್ಮ ಪಕ್ಕದ ತುಂಡು ಪ್ರೆಸಿಲ್ಲಾಳದ್ದು, ಅದರಾಚೆಯದ್ದು ಒಂದು ಮಲಯಾಳಿ ಸಂಸಾರದ್ದು. ಪ್ರೆಸಿಲ್ಲಾ ಶಿರ್ವದವಳು. ಅವಳ ಗಂಡ ಮೆಲ್ವಿನ್ ದಿನಾ ಕತ್ತಲೆ ಇರುವಾಗಲೇ ಕಂಪನಿ ಬಸ್ಸು ಹತ್ತಿ ಅಲ್ ಖೋರ್ ದಾಟಿ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಮನೆಯೊಳಗೆ ತುಳು, ಅವರ ಮನೆಯೊಳಗೆ ಕೊಂಕಣಿ, ಎರಡು ಬಾಗಿಲುಗಳ ನಡುವಿನ ಅಂಗಳದಲ್ಲಿ ಕನ್ನಡ.

ಅವಳು ಮೈಕ್ರೋಬಯಾಲಜಿ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದಳು. ಮಕ್ಕಳಾದವು. ಅವು ಶಾಲೆಗೆ ಹೋಗುವಷ್ಟು ದೊಡ್ಡವಾಗುವವರೆಗೆ ಮನೆಯಲ್ಲೇ ಇದ್ದಳು. ಹೋದ ವರ್ಷ ದೋಹಾದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಒಂದು ವರ್ಷದ ಕಾಂಟ್ರ್ಯಾಕ್ಟ್ ಮೇಲೆ. ಕೆಲಸ ನೋಡಿಕೊಂಡು ಮುಂದುವರಿಸುತ್ತೇವೆ ಅಂದಿದ್ದರು. ಅವಳು ಲ್ಯಾಬ್ ಕೋಟಿಗೆ ಇಸ್ತ್ರಿ ಹಾಕುವುದನ್ನು ನೀವು ನೋಡಬೇಕು. ಮೆಲ್ವಿನ್‌ನ ಶರ್ಟುಗಳಿಗೆ ಆ ಭಾಗ್ಯವಿಲ್ಲ.

ಲ್ಯಾಬಿನಲ್ಲಿ ಅವಳ ಕೆಲಸ ಏನು? ಹುಳದ ಹೊಟ್ಟೆ ನೋಡುವುದು.

ಮೊದಲ ಸಲ ಕೇಳಿದಾಗ ನಾನೂ ನಿಮ್ಮ ಹಾಗೇ “ಛೀ” ಅಂದಿದ್ದೆ. ಆಮೇಲೆ ಅವಳು ವಿವರಿಸುತ್ತಾ ಹೋದಳು, ನಾನು ಚಹಾ ಆರಿಹೋಗುವವರೆಗೆ ಕೇಳುತ್ತಾ ಕೂತೆ. ಹುಳದ ಹೆಸರು ಕೆಂಪು ಮೂತಿಹುಳ. ಹೆಬ್ಬೆರಳಿನ ಅರ್ಧದಷ್ಟು ಉದ್ದ, ಇಟ್ಟಿಗೆ ಬಣ್ಣ, ಮುಂದುಗಡೆ ಕೊಕ್ಕಿನಂಥ ಮೂತಿ. ಖರ್ಜೂರದ ಮರದಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೊಳಗೇ ಕಾಂಡ ಕೊರೆದು ತಿನ್ನುತ್ತದೆ. ಹೊರಗಿನಿಂದ ಮರ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಒಂದು ದಿನ ತಲೆ ಕಳಚಿ ಬೀಳುತ್ತದೆ.

ಈಗ ನನ್ನ ಪ್ರಶ್ನೆ ಕೇಳಿ. ಮರದೊಳಗಿನ ಆ ನಾರನ್ನು ಅದು ಅರಗಿಸಿಕೊಳ್ಳುವುದು ಹೇಗೆ? ನಮಗೆ ಒಂದು ಹೆಚ್ಚು ಪೂರಿ ಅರಗುವುದಿಲ್ಲ.

“ಅದೊಂದೇ ಅರಗಿಸ್ಕೊಳ್ಳೋದಿಲ್ಲ ಅಕ್ಕ. ಹೊಟ್ಟೆಯೊಳಗೆ ಕೆಲಸದವರು ಇದ್ದಾರೆ” ಅಂದಳು ಪ್ರೆಸಿಲ್ಲಾ. ಕೆಲಸದವರು ಅಂದರೆ ಬ್ಯಾಕ್ಟೀರಿಯಾ. ಒಂದಲ್ಲ, ಹತ್ತಾರು ಜಾತಿ. ಒಂದು ಸಕ್ಕರೆಯನ್ನು ನೋಡಿಕೊಳ್ಳುತ್ತದೆ, ಇನ್ನೊಂದು ನಾರನ್ನು, ಮತ್ತೊಂದು ಏನು ಮಾಡುತ್ತದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. (ನಮ್ಮ ಆಫೀಸಿನಲ್ಲೂ ಆ ಮೂರನೆಯ ಜಾತಿಯವರು ಇದ್ದಾರೆ.)

ಈ ಕೆಲಸದವರು ಬರುವುದಾದರೂ ಎಲ್ಲಿಂದ? ತಾಯಿ ಕೊಟ್ಟು ಕಳಿಸುತ್ತದೋ, ಇದ್ದ ಜಾಗದಲ್ಲಿ ಸೇರಿಕೊಳ್ಳುತ್ತವೋ? ಅವಳ ಲ್ಯಾಬು ಹುಡುಕುತ್ತಿರುವುದು ಅದನ್ನೇ. ಅಲ್ ಖೋರ್ ಕಡೆಯ ಒಂದು ತೋಟದ ಹುಳ, ದುಖಾನ್ ರಸ್ತೆಯ ಇನ್ನೊಂದು ತೋಟದ ಹುಳ, ದೋಹಾದ ರಸ್ತೆ ಬದಿಯ ಮರದ ಹುಳ. ಮೂರೂ ಒಂದೇ ಜಾತಿ. ಮೂರರ ಹೊಟ್ಟೆಯೂ ಒಂದೇನಾ?

ಅಲ್ಲವಂತೆ. ಕೆಲವು ಬ್ಯಾಕ್ಟೀರಿಯಾ ಎಲ್ಲ ಕಡೆಯೂ ಇರುತ್ತವೆ. ಅವು ಮನೆತನದವು. ಉಳಿದವು ಜಾಗ ನೋಡಿಕೊಂಡು ಬದಲಾಗುತ್ತವೆ. ಮಣ್ಣು ಯಾವುದು, ಮರಕ್ಕೆ ಬಿಡುವ ನೀರು ಯಾವುದು, ಗೊಬ್ಬರ ಏನು, ಔಷಧಿ ಹೊಡೆದಿದ್ದಾರಾ ಇಲ್ಲವಾ, ಎಲ್ಲವೂ ಹುಳದ ಹೊಟ್ಟೆಯಲ್ಲಿ ಕಾಣುತ್ತದಂತೆ.

“ಅಂದ್ರೆ ಹೊಟ್ಟೆ ನೋಡಿದ್ರೆ ಅದರ ಅಡ್ರೆಸ್ ಗೊತ್ತಾಗ್ತದಾ?” ಅಂದೆ.

“ಡೋರ್ ನಂಬರ್ ಗೊತ್ತಾಗ್ಲಿಕ್ಕಿಲ್ಲ ಅಕ್ಕ. ಹೋಬಳಿ ಗೊತ್ತಾಗ್ತದೆ.”

ಹುಳ ಹಿಡಿಯುವುದಕ್ಕೆ ಅವರದ್ದೊಂದು ಉಪಾಯವಿದೆ. ಮರದ ಬುಡದಲ್ಲಿ ಒಂದು ಕೆಂಪು ಬಾಲ್ದಿಯನ್ನು ಅರ್ಧ ಹೂತಿಡುತ್ತಾರೆ. ಬಾಲ್ದಿಯೊಳಗೆ ಒಂದಿಷ್ಟು ಹಳೆಯ ಖರ್ಜೂರ, ನೀರು. ಪಕ್ಕದಲ್ಲೂ ಮುಚ್ಚಳದಲ್ಲೂ ತೂತುಗಳು. ಮುಚ್ಚಳದ ಅಡಿಯಲ್ಲಿ ಮೂತಿಹುಳಕ್ಕೆ ಇಷ್ಟವಾದ ವಾಸನೆಯ ಒಂದು ಪುಟ್ಟ ಚೀಲ ತೂಗುತ್ತಿರುತ್ತದೆ. ಹುಳ ಬರುತ್ತದೆ, ಒಳಗೆ ಇಳಿಯುತ್ತದೆ, ಹೊರಗೆ ಬರಲಾಗುವುದಿಲ್ಲ. ಪ್ರೆಸಿಲ್ಲಾ ವಾರಕ್ಕೊಮ್ಮೆ ಹೋಗಿ ಜೀವ ಇರುವ ಹುಳಗಳನ್ನು ಹೆಕ್ಕಿಕೊಂಡು ಬರುತ್ತಾಳೆ.

ನಾಲ್ಕನೆಯ ಬಾಲ್ದಿ ಇಟ್ಟದ್ದು ನಮ್ಮದೇ ಕಾಂಪೌಂಡಿನಲ್ಲಿ. ಗೇಟಿನ ಹತ್ತಿರ ಒಂದು ಹಳೆಯ ಖರ್ಜೂರದ ಮರವಿದೆ. ಕಾಂಪೌಂಡಿನ ಹಿಂಬದಿಯ ಮನೆಯಲ್ಲಿರುವ ಕತಾರಿ ಮಾಲೀಕರನ್ನು ಕೇಳಿ, ಒಪ್ಪಿಸಿ, ಅವಳೇ ಇಟ್ಟಳು. ವಯಸ್ಸಾದವರು, ನಾಲ್ಕಾರು ಆಡು ಸಾಕಿಕೊಂಡು ಅವರ ಪಾಡಿಗೆ ಇರುವವರು. ಮರ ಉಳಿಯುವುದಾದರೆ ಏನು ಬೇಕಾದರೂ ಇಡು ಅಂದರಂತೆ.

ಇಷ್ಟೆಲ್ಲ ಸರಿ. ಹುಳದ ಹೊಟ್ಟೆಗೂ ನನ್ನ ಫ್ರಿಜ್ಜಿಗೂ ಏನು ಸಂಬಂಧ?

ಬಾಗಿಲಲ್ಲೇ ನಿಂತು ಪ್ರೆಸಿಲ್ಲಾ ಅದನ್ನು ಹೇಳಿದಳು. ಮೂರು ಜಾಗದ ಹುಳಗಳ ರಿಸಲ್ಟ್ ಚೆಂದ ಬಂದಿದೆ. ಒಂದಕ್ಕೊಂದು ಬೇರೆ, ಆದರೆ ನೆಂಟಸ್ತಿಕೆ ಕಾಣುತ್ತದೆ. ನಾಲ್ಕನೆಯದು ಮಾತ್ರ ಯಾವುದಕ್ಕೂ ಸೇರುತ್ತಿಲ್ಲ. ನಮ್ಮ ಕಾಂಪೌಂಡಿನ ಹುಳಗಳ ಹೊಟ್ಟೆಯಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾದ ಜಾತ್ರೆಯೇ ನೆರೆದಿದೆ. ಮೊಸರಿನಲ್ಲಿ, ದೋಸೆ ಹಿಟ್ಟಿನಲ್ಲಿ ಇರುತ್ತವಲ್ಲ, ಅಂಥವು. ಖರ್ಜೂರವೂ ಕೊಳೆತರೆ ಹುಳಿಯಾಗುತ್ತದೆ, ನಿಜ. ಆದರೆ ಅದೇ ಖರ್ಜೂರ ಉಳಿದ ಮೂರು ಬಾಲ್ದಿಗಳಲ್ಲೂ ಇತ್ತು. ಅಲ್ಲಿ ಹೀಗಾಗಿಲ್ಲ.

ಅವಳ ಲ್ಯಾಬಿನ ಮುಖ್ಯಸ್ಥರು ಈಜಿಪ್ಟಿನ ಒಬ್ಬ ಡಾಕ್ಟರ್. ಒಳ್ಳೆಯವರೇ ಅಂತ ಅವಳೇ ಎಷ್ಟೋ ಸಲ ಹೇಳಿದ್ದಾಳೆ. ಅವರು ರಿಸಲ್ಟ್ ನೋಡಿದರು. ಆಮೇಲೆ ಅವಳ ಮೇಜಿನ ಕಡೆ ನೋಡಿದರು. ಅಲ್ಲಿ ಅವಳ ಊಟದ ಡಬ್ಬಿ ಇತ್ತು. ಮೊಸರನ್ನ.

“ನೀನು ಊಟ ಮಾಡಿ ಕೈ ತೊಳೀತೀಯಲ್ಲ ಅಂತ ಕೇಳಿದ್ರು ಅಕ್ಕ.”

ಬೈದಿದ್ದರೆ ಪರವಾಗಿರಲಿಲ್ಲ ಅಂದಳು. ಹತ್ತು ಜನರ ಎದುರು ಅಲ್ಲ, ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದರಂತೆ. ಅದಕ್ಕೇ ಹೆಚ್ಚು ನೋವಾಗಿದೆ. ಲ್ಯಾಬಿನಲ್ಲಿ ಕೈಯ ಶುಚಿ ಅಂದರೆ ಹೆಸರು. ಈ ತಿಂಗಳ ಕೊನೆಗೆ ಕಾಂಟ್ರ್ಯಾಕ್ಟಿನ ಮೀಟಿಂಗ್ ಇದೆ. ಕೊಳಕು ಕೈಯವಳು ಅಂತ ಒಮ್ಮೆ ಹೆಸರು ಬಂದರೆ ಯಾವ ಲ್ಯಾಬೂ ಮತ್ತೆ ಒಳಗೆ ಸೇರಿಸುವುದಿಲ್ಲ. ಅಷ್ಟು ವರ್ಷ ಕಾದು ಸಿಕ್ಕಿದ ಕೆಲಸ.

“ನನ್ನ ಕೈಯಿಂದ ಬಂದದ್ದಲ್ಲ. ಅದು ನನಗೆ ಗೊತ್ತು. ಹಾಗಾದ್ರೆ ಈ ಕಾಂಪೌಂಡಿನಿಂದಲೇ ಬಂದಿರ್ಬೇಕು. ನಮ್ಮನೆಯದ್ದು ನೋಡಿಯಾಯ್ತು, ಮಲಯಾಳಿಯವರದ್ದೂ ನೋಡಿಯಾಯ್ತು. ಇನ್ನು ನೀವು ಒಬ್ಬರೇ ಬಾಕಿ.”

ನಾನು ಬಾಗಿಲು ಬಿಟ್ಟು ನಿಂತೆ. ಬಂಗುಡೆಯ ಮರ್ಯಾದೆಗಿಂತ ಅವಳ ಮರ್ಯಾದೆ ದೊಡ್ಡದಲ್ಲವೇ?

ಅಡುಗೆಮನೆಯಲ್ಲಿ ನಮ್ಮ ಅತ್ತೆ ಇದ್ದರು. ಕಾರ್ಕಳದಿಂದ ವಿಸಿಟ್ ವೀಸಾದಲ್ಲಿ ಬಂದು ಎರಡು ತಿಂಗಳಾಗಿತ್ತು. ಬಂದ ಮರುದಿನವೇ ಅಡುಗೆಮನೆ ಅವರ ಕೈಗೆ ಹೋಗಿತ್ತು. (ನಾನು ಜಗಳವಾಡಲಿಲ್ಲ. ಆಫೀಸಿನಿಂದ ಬಂದಾಗ ಬಿಸಿ ಅನ್ನ ಸಿಗುವ ಮನೆಯಲ್ಲಿ ಯಾರಾದರೂ ಜಗಳವಾಡುತ್ತಾರಾ?) ಗ್ಲೌಸ್ ಹಾಕಿದ ಪ್ರೆಸಿಲ್ಲಾ ಫ್ರಿಜ್ಜು ತೆಗೆದು, ದೋಸೆ ಹಿಟ್ಟಿಗೆ ಒಂದು ಕಡ್ಡಿ, ಮೊಸರಿಗೆ ಒಂದು ಕಡ್ಡಿ ಮುಟ್ಟಿಸಿ ಪುಟ್ಟ ಕೊಳವೆಗಳಿಗೆ ಹಾಕುವುದನ್ನು ಅತ್ತೆ ಸೌಟು ಹಿಡಿದುಕೊಂಡೇ ನೋಡುತ್ತಿದ್ದರು.

“ಎಂತ ಮಗಾ, ಹೆಲ್ತ್ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತಾ ನಿನಗೆ?”

“ಇಲ್ಲಮ್ಮ, ಒಂದು ಹುಳದ ವಿಷಯ.”

“ನನ್ನ ಹಿಟ್ಟಿನಲ್ಲಿ ಹುಳ ಉಂಟಾ?”

ವಿಷಯ ಕೈಮೀರುವುದಕ್ಕೆ ಮುಂಚೆ ಪ್ರೆಸಿಲ್ಲಾ ಮೊಬೈಲಿನಲ್ಲಿ ಮೂತಿಹುಳದ ಫೋಟೋ ತೆಗೆದು ತೋರಿಸಿದಳು. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. ಮುಖ ಸಡಿಲವಾಯಿತು.

“ಇದು ನಮ್ಮ ತೆಂಗಿನ ಮರದ ಹುಳ ಅಲ್ವಾ? ಕುರುವಾಯಿ ಅಲ್ಲ, ಕುರುವಾಯಿಗೆ ಕೊಂಬು. ಇದು ಮೂತಿಯದ್ದು. ಎರಡು ಮರ ತಿಂದು ಹಾಕಿದೆ ನಮ್ಮದು. ಇದಕ್ಕೆ ಇಲ್ಲಿಗೆ ವೀಸಾ ಯಾರು ಕೊಟ್ಟದ್ದು?”

ಪ್ರೆಸಿಲ್ಲಾ ಬೆಳಗ್ಗಿನಿಂದ ಮೊದಲ ಸಲ ನಕ್ಕಳು. ಹೌದಂತೆ, ಅದೇ ಹುಳ. ಇದರ ಮೂಲ ನಮ್ಮ ಕಡೆಯ ತೆಂಗಿನ ಸೀಮೆಗಳೇ ಅಂತ ಬಲ್ಲವರು ಹೇಳುತ್ತಾರಂತೆ. ಯಾವುದೋ ಕಾಲದಲ್ಲಿ ಯಾರದ್ದೋ ಸಸಿಗಳ ಜೊತೆ ಸಮುದ್ರ ದಾಟಿ ಗಲ್ಫಿಗೆ ಬಂದು, ತೆಂಗು ಸಿಗದೆ ಖರ್ಜೂರ ಹಿಡಿದು, ಇಲ್ಲೇ ಸಂಸಾರ ಹೂಡಿದೆ. ಕೇಳುತ್ತಾ ನನಗೆ ಹುಳದ ಮೇಲೆ ಸ್ವಲ್ಪ ಅಭಿಮಾನವೇ ಬಂತು. ಕರಾವಳಿಯಿಂದ ಬಂದು ಇಲ್ಲಿ ಬೇರು ಬಿಟ್ಟವರ ಲೆಕ್ಕದಲ್ಲಿ ಇದನ್ನು ಯಾರೂ ಸೇರಿಸಿಕೊಂಡೇ ಇಲ್ಲವಲ್ಲ?

“ಅಮ್ಮ, ಈ ಹುಳಗಳನ್ನು ನಾನು ಹಿಡಿದದ್ದು ಇಲ್ಲೇ, ಗೇಟಿನ ಹತ್ತಿರದ ಬಾಲ್ದಿಯಲ್ಲಿ.”

“ಯಾವ ಬಾಲ್ದಿ?”

“ಮರದ ಬುಡದಲ್ಲಿ ಉಂಟಲ್ಲ, ಕೆಂಪು ಬಾಲ್ದಿ.”

“ಅರಬಿಯವರ ಆಡಿನ ಬಾಲ್ದಿಯಾ?”

ಪ್ರೆಸಿಲ್ಲಾಳ ಕೈಯಲ್ಲಿದ್ದ ಕಡ್ಡಿ ಮೊಸರಿನ ಪಾತ್ರೆಯ ಮೇಲೆ ನಿಂತುಬಿಟ್ಟಿತು.

“ಆಡಿನ ಬಾಲ್ದಿ ಅಂತ ಯಾರು ಹೇಳಿದ್ದಮ್ಮ?”

“ಹೇಳ್ಲಿಕ್ಕೆ ಎಂತ ಉಂಟು? ಅಂಗಳದಲ್ಲಿ ಬಾಲ್ದಿ. ಒಳಗೆ ಕೊಳೆತ ಖರ್ಜೂರ, ನೀರು. ಹಿಂದೆ ಆಡುಗಳು ಕೂಗ್ತಾ ಉಂಟು. ಮತ್ತೆ ಅದು ಯಾರಿಗೆ?”

“ಅದಕ್ಕೆ ನೀವು...”

“ದಿನಾ ತೆಳಿ ಹಾಕ್ತೇನೆ.”

ಘಟ್ಟದ ಮೇಲಿನ ಓದುಗರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕುಚ್ಚಲಕ್ಕಿ ಅನ್ನವನ್ನು ಬಸಿದಾಗ ಬರುವ ಗಂಜಿ ನೀರೇ ತೆಳಿ. ಊರಿನಲ್ಲಿ ಅದನ್ನು ಯಾರೂ ಚೆಲ್ಲುವುದಿಲ್ಲ. ಒಂದಿಷ್ಟು ಉಪ್ಪು ಹಾಕಿ ಕುಡಿಯುತ್ತಾರೆ. ಒಂದಿಷ್ಟನ್ನು ಉಳಿದ ಅನ್ನಕ್ಕೆ ಹಾಕಿ ಮುಚ್ಚಿಡುತ್ತಾರೆ. ಬೆಳಗ್ಗೆ ಅದು ಹದವಾಗಿ ಹುಳಿ ಬಂದಿರುತ್ತದೆ. ಮಿಕ್ಕದ್ದು, ಅಕ್ಕಿ ತೊಳೆದ ನೀರು, ಹಣ್ಣಿನ ಸಿಪ್ಪೆ, ತಳದಲ್ಲಿ ಉಳಿದ ಮಜ್ಜಿಗೆ ಎಲ್ಲವೂ ಹಟ್ಟಿಯ ಪಕ್ಕದ ಒಂದು ಬಾಲ್ದಿಗೆ. ಸಂಜೆ ಅದು ದನದ ಪಾಲು. ಆ ಬಾಲ್ದಿಗೆ ಹುಳಿ ವಾಸನೆ ಇರುತ್ತದೆ, ಕೊಳೆತ ಹಣ್ಣು ತೇಲುತ್ತಿರುತ್ತದೆ, ಸುತ್ತ ನೊಣ ಹಾರುತ್ತಿರುತ್ತದೆ.

ಅತ್ತೆಯ ಕಣ್ಣಲ್ಲಿ ಗೇಟಿನ ಹತ್ತಿರ ಕಂಡದ್ದು ಅದೇ ಬಾಲ್ದಿ. ಈಗ ಹೇಳಿ, ತಪ್ಪು ಯಾರದ್ದು?

ನಾನು ತೆಳಿಯನ್ನು ಸಿಂಕಿಗೆ ಬಿಡುವುದನ್ನು ಬಂದ ಮೊದಲ ದಿನವೇ ನೋಡಿ ಅವರು ಮುಖ ಸಿಂಡರಿಸಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ. ಒಪ್ಪಿಕೊಂಡಿದ್ದಾರೆ ಅಂತ ನಾನು ತಿಳಿದೆ. ಒಪ್ಪಿಕೊಂಡಿರಲಿಲ್ಲ, ದಾರಿ ಹುಡುಕಿಕೊಂಡಿದ್ದರು. ನಾವೆಲ್ಲ ಆಫೀಸು, ಶಾಲೆ ಅಂತ ಹೊರಟ ಮೇಲೆ ದಿನಾ ಒಂದು ಚೆಂಬು ತೆಳಿ, ತಂಗಳನ್ನದ ಹುಳಿ ನೀರು, ಮಜ್ಜಿಗೆ ಪಾತ್ರೆ ತೊಳೆದದ್ದು ಎಲ್ಲವೂ ಆ ಬಾಲ್ದಿಗೆ.

“ಮುಚ್ಚಳ ಇತ್ತಲ್ಲಮ್ಮ?”

“ಮುಚ್ಚಳಕ್ಕೆ ತೂತು ಇತ್ತಲ್ಲ. ಹೊಯ್ಲಿಕ್ಕೆ ಅಂತ.”

“ಮುಟ್ಟಬಾರದು ಅಂತ ಸ್ಟಿಕ್ಕರ್ ಇತ್ತಲ್ಲ?”

“ಒಂದು ಅರಬಿ, ಒಂದು ಇಂಗ್ಲಿಷು. ನನಗೆ ಹೇಳ್ಬೇಕಾದ್ರೆ ನನ್ನ ಭಾಷೆಯಲ್ಲಿ ಬರೀಬೇಕಿತ್ತು.”

ಪ್ರೆಸಿಲ್ಲಾ ಸ್ಟೂಲಿನ ಮೇಲೆ ಕೂತಳು. “ಇಲ್ಲಿಯ ಬಾಲ್ದಿ ಮಾತ್ರ ಒಣಗುವುದೇ ಇಲ್ಲ ಅಂತ ನಾನು ಖುಷಿಯಲ್ಲಿದ್ದೆ ಅಕ್ಕ. ಮಾಲೀಕರು ನೀರು ಹಾಕಿಸ್ತಾರೆ, ಎಷ್ಟು ಒಳ್ಳೆಯವರು ಅಂತ.” ಹೇಳಿ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಅಳಲು ಶುರು ಮಾಡಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ನನಗೂ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಅತ್ತೆಗೆ ಅಷ್ಟು ಹೊತ್ತಿಗೆ ಇದು ಫ್ರಿಜ್ಜಿನ ವಿಷಯವಲ್ಲ ಅಂತ ಗೊತ್ತಾಗಿತ್ತು. ಸೌಟು ಕೆಳಗಿಟ್ಟರು.

“ನಾನು ತೆಳಿ ಹಾಕಿದ್ದಕ್ಕೆ ನಿನ್ನ ಕೆಲಸ ಹೋಗ್ತದಾ ಮಗಾ?”

“ಗೊತ್ತಿಲ್ಲಮ್ಮ.”

“ನಿನ್ನ ಸಾಹೇಬರ ಹತ್ತಿರ ನಾನೇ ಹೇಳ್ತೇನೆ. ಕರ್ಕೊಂಡು ಹೋಗು.”

ಹೇಳುವುದೇನೋ ಸರಿ. ಯಾರು ನಂಬುತ್ತಾರೆ? ಪಕ್ಕದ ಮನೆಯ ಅತ್ತೆ ಬಾಲ್ದಿಗೆ ಗಂಜಿ ಹಾಕಿದರು ಎಂಬುದು ಶಾಲೆಯ ಮಕ್ಕಳು ಕೊಡುವ ನೆಪಕ್ಕಿಂತಲೂ ಕಡೆ. ಪ್ರೆಸಿಲ್ಲಾ ಕಣ್ಣೊರೆಸಿಕೊಂಡು ಎದ್ದಳು. ಆ ದಿನದ ತೆಳಿಯಿಂದ ಒಂದು ಸೀಸೆ, ತಂಗಳಿನ ನೀರಿನಿಂದ ಒಂದು ಸೀಸೆ, ಬಾಲ್ದಿಯಿಂದ ಒಂದು ಸೀಸೆ ತುಂಬಿಕೊಂಡಳು. ಮಾತಿನಿಂದ ನಂಬಿಸಲು ಆಗದ್ದನ್ನು ಬ್ಯಾಕ್ಟೀರಿಯಾದಿಂದಲೇ ಹೇಳಿಸುತ್ತೇನೆ ಅಂದಳು. ಆ ಹಟ ನನಗೆ ಇಷ್ಟವಾಯಿತು.

ಆ ಮಧ್ಯಾಹ್ನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ರಿಸಲ್ಟ್ ಬರುವವರೆಗಿನ ದಿನಗಳಲ್ಲಿ ತೆಳಿಯನ್ನು ಸಿಂಕಿಗೇ ಬಿಟ್ಟರು. ಬಿಡುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

ನನಗೋ ಆ ದಿನಗಳಲ್ಲಿ ತಲೆತುಂಬ ಹೊಟ್ಟೆಯದ್ದೇ ಯೋಚನೆ.

ನೋಡಿ, ನಾವು ರಜೆಗೆ ಊರಿಗೆ ಹೋಗುತ್ತೇವೆ. ಮಂಗಳೂರಿನಲ್ಲಿ ಇಳಿದು ಮನೆ ಸೇರಿದ ಎರಡನೇ ದಿನಕ್ಕೆ ನನ್ನ ಮಗಳ ಹೊಟ್ಟೆ ಕೆಡುತ್ತದೆ. ಪ್ರತಿ ವರ್ಷ. ಅವಳು ಹುಟ್ಟಿದ್ದು, ಬೆಳೆದದ್ದು ದೋಹಾದಲ್ಲಿ. ಬಾವಿಯ ನೀರು ಕಾಯಿಸಿ ಕೊಟ್ಟರೂ ಕೆಡುತ್ತದೆ. ನಾವು ಅದಕ್ಕೆ “ನೀರು ಬದಲಾಯಿತು” ಅನ್ನುತ್ತೇವೆ. ಅತ್ತೆಗೆ ಆ ಮಾತು ಕೇಳಿದರೆ ಸಿಟ್ಟು. ನನ್ನ ಬಾವಿಯ ನೀರು ನನ್ನ ಮೊಮ್ಮಗಳಿಗೆ ಹೇಗೆ ಆಗದೆ ಹೋಗುತ್ತದೆ ಅಂತ ಕೇಳುತ್ತಾರೆ. ಇಲ್ಲಿಗೆ ಬಂದ ಮೊದಲ ವಾರ ಅತ್ತೆಯ ಹೊಟ್ಟೆಯೂ ಕೆಟ್ಟಿತ್ತು. ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುವ ಊರು ಇದು, ಮತ್ತೆ ಹೇಗಿರಬೇಕು ಅಂತ ಅವರೇ ಸಮಾಧಾನ ಹೇಳಿಕೊಂಡಿದ್ದರು.

ಹಾಗಾದರೆ ನಮ್ಮ ಹೊಟ್ಟೆಯೊಳಗಿನ ಕೆಲಸದವರೂ ಊರು ನೋಡಿಕೊಂಡು ಬದಲಾಗುತ್ತಾರಾ? ಪ್ರೆಸಿಲ್ಲಾಳನ್ನು ಕೇಳಿದೆ. ಮನುಷ್ಯರದ್ದೂ ಜಾಗ, ಊಟ ಬದಲಾದ ಹಾಗೆ ಬದಲಾಗುತ್ತದೆ, ಆದರೆ ನಾನು ಹುಳದವಳು, ನಿಮ್ಮದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಅಂತ ಜಾರಿಕೊಂಡಳು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆದಿರುತ್ತದೆ, ರೆಸಿಡೆನ್ಸ್ ಕಾರ್ಡಿನಲ್ಲಿ ಇರುವ ದೇಶ ಬರೆದಿರುತ್ತದೆ. ಹೊಟ್ಟೆಯಲ್ಲಿ ಏನು ಬರೆದಿದೆ ಅಂತ ನಾವು ಯಾರೂ ತೆಗೆದು ನೋಡಿಲ್ಲ. ಕುಚ್ಚಲಕ್ಕಿಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವವರು ನಾವು. ಬಂದ ಮೇಲೆ ಇಲ್ಲಿಯ ಖುಬ್ಬೂಸ್ ರೊಟ್ಟಿ ಸುಲಭ ಅಂತ ಅದನ್ನೇ ತಿನ್ನುವವರೂ ನಾವೇ.

ರಿಸಲ್ಟ್ ಬಂದ ದಿನ ಪ್ರೆಸಿಲ್ಲಾ ಫೋನ್ ಮಾಡಲಿಲ್ಲ. ಸಂಜೆ ಡಾಕ್ಟರನ್ನೇ ಕರೆದುಕೊಂಡು ಬಂದಳು.

ಎತ್ತರದ ಮನುಷ್ಯ, ನರೆತ ಗಡ್ಡ. ಕಾರಿನಿಂದ ಇಳಿದವರು ಮನೆಯೊಳಗೆ ಬರಲಿಲ್ಲ, ನೇರ ಮರದ ಬುಡಕ್ಕೆ ಹೋಗಿ ಮಂಡಿಯೂರಿ ಕೂತು ಬಾಲ್ದಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಅತ್ತೆ ಸೆರಗು ಹೊದ್ದು ಎದುರಿಗೆ ನಿಂತರು. ಅವರ ಇಂಗ್ಲಿಷನ್ನು ಅತ್ತೆಗೆ, ಅತ್ತೆಯ ತುಳುವನ್ನು ಅವರಿಗೆ ದಾಟಿಸುವ ಕೆಲಸ ನನ್ನದು.

ಅಕ್ಕಿ ಬೆಂದದ್ದೋ ಹಸಿಯೋ? ಎಷ್ಟು ಹೊತ್ತು ಮುಚ್ಚಿಡುತ್ತೀರಿ? ಮೊಸರು ಸೇರಿಸುತ್ತೀರಾ? ಬಿಸಿಯಾಗಿ ಹಾಕುತ್ತಿದ್ದಿರಾ, ತಣಿಸಿ ಹಾಕುತ್ತಿದ್ದಿರಾ? ನಮ್ಮನೆಯ ಅಡುಗೆಯ ಬಗ್ಗೆ ಇಷ್ಟು ಶ್ರದ್ಧೆಯಿಂದ ನನ್ನ ಗಂಡ ಕೂಡ ಎಂದೂ ವಿಚಾರಿಸಿದವರಲ್ಲ. ಅತ್ತೆ ಎಲ್ಲದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ಬಿಸಿಯಾಗಿ ಹಾಕಿದರೆ ಆಡಿನ ನಾಲಗೆ ಸುಡುವುದಿಲ್ಲವಾ ಅಂತ ತಿರುಗಿ ಕೇಳಿದರು. ಅದನ್ನೂ ಇಂಗ್ಲಿಷಿಗೆ ತಂದೆ.

ಹುಳಿ ಬಂದ ತೆಳಿಯಲ್ಲಿದ್ದ ಗುಂಪು, ಬಾಲ್ದಿಯಲ್ಲಿದ್ದ ಗುಂಪು, ಹುಳದ ಹೊಟ್ಟೆಯಲ್ಲಿದ್ದ ಗುಂಪು ಮೂರೂ ಹೆಚ್ಚುಕಡಿಮೆ ಒಂದೇ ಅಂತ ಬಂದಿತ್ತಂತೆ. ಬಾಲ್ದಿಗೆ ಬಿದ್ದ ಹುಳ, ಪ್ರೆಸಿಲ್ಲಾ ಬಂದು ಹೆಕ್ಕುವವರೆಗೆ ಸಿಕ್ಕಿದ್ದನ್ನು ಕುಡಿದುಕೊಂಡು ಜೀವ ಹಿಡಿದಿತ್ತು. ಅಷ್ಟೇ ದಿನದಲ್ಲಿ ಅದರ ಹೊಟ್ಟೆ ಕಾರ್ಕಳದ ಅಡುಗೆಮನೆಯಾಗಿತ್ತು.

ಅತ್ತೆಗೆ ಬ್ಯಾಕ್ಟೀರಿಯಾ ಬೇಕಿರಲಿಲ್ಲ. ಪ್ರೆಸಿಲ್ಲಾಳ ಕಡೆ ಕೈ ತೋರಿಸಿ, “ಇವಳದ್ದು ಎಂತಾಯ್ತು ಕೇಳು” ಅಂದರು.

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಿಗೆ ಅರ್ಥವಾಯಿತು. ಎದ್ದು ನಿಂತು ಮೊಣಕಾಲಿನ ಮಣ್ಣು ಕೊಡವಿಕೊಂಡರು. ಪ್ರೆಸಿಲ್ಲಾಳನ್ನು ನೋಡಿ, ನಿನ್ನ ಊಟದ ಡಬ್ಬಿಯ ಬಗ್ಗೆ ನಾನು ಆ ಮಾತು ಕೇಳಬಾರದಿತ್ತು ಅಂದರು. ನಮ್ಮೆಲ್ಲರ ಎದುರು. ಪ್ರೆಸಿಲ್ಲಾ ತಲೆ ತಗ್ಗಿಸಿ ಪರವಾಗಿಲ್ಲ ಡಾಕ್ಟರ್ ಅಂದಳು. ಪರವಾಗಿಲ್ಲ ಅನ್ನುವಷ್ಟು ಸುಲಭವಾಗಿರಲಿಲ್ಲ, ನನಗೆ ಗೊತ್ತು. ಆದರೂ ಅವಳ ಬಿಗಿದ ಭುಜ ಸಡಿಲವಾದದ್ದು ಕಂಡಿತು. ನನಗೆ ಆ ಮನುಷ್ಯನ ಮೇಲೆ ಒಂದು ವಾರದಿಂದ ಇದ್ದ ಸಿಟ್ಟು ಅಲ್ಲೇ ಕರಗಿತು. ತಪ್ಪು ಮಾಡಿದ ದೊಡ್ಡವರು ಅಂಗಳಕ್ಕೆ ಬಂದು ಹೇಳುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ?

ನಾಲ್ಕನೆಯ ಬಾಲ್ದಿಯ ಲೆಕ್ಕ ಮಾತ್ರ ಖಲಾಸ್ ಅಂದರು. ಗಂಜಿ ಕುಡಿದ ಹುಳವನ್ನು ಖರ್ಜೂರದ ಹುಳ ಅಂತ ಬರೆಯಲಾಗುವುದಿಲ್ಲ.

ಅತ್ತೆ ಅವರಿಗೆ ಒಂದು ಲೋಟ ತೆಳಿ ತಂದುಕೊಟ್ಟರು, ಉಪ್ಪು ಹಾಕಿ. ಹುಳಕ್ಕೆ ಕೊಟ್ಟದ್ದನ್ನು ಮನುಷ್ಯರೂ ಕುಡಿಯುತ್ತಾರೆ ಅಂತ ತೋರಿಸಬೇಕಿತ್ತು ಅನ್ನಿಸುತ್ತದೆ. ಡಾಕ್ಟರ್ ಪೂರ್ತಿ ಕುಡಿದರು, ಅರಬಿಯಲ್ಲಿ ಶುಕ್ರನ್ ಅಂತ ಥ್ಯಾಂಕ್ಸ್ ಹೇಳಿದರು. ಲೋಟ ವಾಪಸು ಕೊಡುತ್ತಾ ಏನೋ ಯೋಚಿಸಿ, ಪ್ರೆಸಿಲ್ಲಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ವೇಗವಾಗಿ ಮಾತಾಡಲು ಶುರು ಮಾಡಿದರು. ಅವಳೂ ಅಷ್ಟೇ ವೇಗವಾಗಿ ಉತ್ತರ ಕೊಟ್ಟಳು. ನಮ್ಮನ್ನು ಇಬ್ಬರೂ ಮರೆತೇಬಿಟ್ಟರು.

ಅಲ್ಲಿ ಹುಟ್ಟಿದ ಪ್ರಶ್ನೆಗಾಗಿ ಪ್ರೆಸಿಲ್ಲಾಳ ಕಾಂಟ್ರ್ಯಾಕ್ಟ್ ಈಗ ಮುಂದುವರಿದಿದೆ. ಲ್ಯಾಬಿನಲ್ಲಿ ಡಬ್ಬಿಗಳೊಳಗೆ ಮೂತಿಹುಳಗಳನ್ನು ಸಾಕಿದ್ದಾರೆ. ಒಂದಿಷ್ಟಕ್ಕೆ ಖರ್ಜೂರದ ಕಾಂಡ ಮಾತ್ರ. ಇನ್ನೊಂದಿಷ್ಟಕ್ಕೆ ಕಾಂಡದ ಜೊತೆ ತೆಳಿ. ಕೆಲವು ದಿನ ಕೊಟ್ಟು ತೆಳಿ ನಿಲ್ಲಿಸುತ್ತಾರೆ. ಆಮೇಲೆ ಹುಳದ ಹೊಟ್ಟೆ ಮೊದಲಿನ ಹಾಗಾಗಲು ಎಷ್ಟು ದಿನ ಬೇಕು? ಪೂರ್ತಿ ಮೊದಲಿನ ಹಾಗಾಗುತ್ತದಾ, ಅಥವಾ ಏನಾದರೂ ಒಂದಿಷ್ಟು ಉಳಿದುಕೊಳ್ಳುತ್ತದಾ?

ತೆಳಿ ಹೋಗುವುದು ನಮ್ಮನೆಯಿಂದಲೇ. ಅತ್ತೆ ಬೆಳಗ್ಗೆ ಸೀಸೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಪ್ರೆಸಿಲ್ಲಾಳ ಕೈಗೆ ಕೊಡುತ್ತಾರೆ. ಊರಿನಿಂದ ಮಾವ ಫೋನ್ ಮಾಡಿದರೆ, ಇರಿ, ಲ್ಯಾಬಿಗೆ ಕಳಿಸ್ಲಿಕ್ಕೆ ಉಂಟು ಅಂತ ಇಟ್ಟುಬಿಡುತ್ತಾರೆ.

ಮೊನ್ನೆ ಸೀಸೆ ಕೊಡುವಾಗ ಅತ್ತೆ ಕೇಳಿದರು. “ಇದು ನಿಲ್ಲಿಸಿದ ಮೇಲೆ ನಮ್ಮದು ಅದರ ಹೊಟ್ಟೆಯಲ್ಲಿ ಎಷ್ಟು ದಿನ ಉಳೀತದೆ ಮಗಾ?”

“ಅದನ್ನೇ ನೋಡ್ಲಿಕ್ಕೆ ಉಂಟು ಅಮ್ಮ. ಈಗಲೇ ಹೇಳ್ಲಿಕ್ಕೆ ಆಗುದಿಲ್ಲ.”

ಯೂನಿಫಾರ್ಮ್ ಹಾಕಿಕೊಂಡು ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದ ನನ್ನ ಮಗಳ ಕಡೆ ಅತ್ತೆ ತಿರುಗಿ ನೋಡಿದರು.

“ಹುಳದ್ದು ಗೊತ್ತಾದ ಮೇಲೆ ಇವಳದ್ದೂ ಒಮ್ಮೆ ನೋಡಿ ಹೇಳು.”

ಮಗಳು ನಕ್ಕಳು, ಪ್ರೆಸಿಲ್ಲಾಳೂ ನಕ್ಕಳು. ನಾನು ಮಾತ್ರ ನಗಲಿಲ್ಲ: ಮೊದಲು ಸೊಸೆಯದ್ದು ನೋಡು ಅಂದಿದ್ದರೆ ನನ್ನ ಹೊಟ್ಟೆಯಲ್ಲಿ ಯಾವ ಊರು ಸಿಗುತ್ತಿತ್ತೋ?